ಬರೆ ಕುಸಿದು ಅಡುಗೆಮನೆ ಹೋಗಿದೆ, ಸರ್ವೇಯರ್ ಬರೆದಿರೋದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮುಂದೆ ಏನು ಮಾಡಬೇಕು?

ಕಾಫಿತೋಟದಂಚು, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರ, ಇಳಿಜಾರಿನಲ್ಲಿದೆ. ಈ ಮಳೆಗಾಲದಲ್ಲಿ ಒಂದು ರಾತ್ರಿ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿದು, ತಡೆಗೋಡೆ ಸಮೇತ ಅಡುಗೆಮನೆ ಮೇಲೆ ಬಿತ್ತು. ಅಡುಗೆಮನೆ, ಸ್ಟೋರ್ ರೂಮ್, ಬಚ್ಚಲು ಮೂರೂ ಹೋಗಿವೆ. ಮುಂದಿನ ಸಿಟ್‌ಔಟ್ ಗೋಡೆಯಲ್ಲೂ ಬಿರುಕು ಬಂದಿದೆ. ಅಮ್ಮ ಹಾಲ್‌ನ ಈ ಕಡೆ ಕೋಣೆಯಲ್ಲಿ ಮಲಗಿದ್ದರು, ಯಾರಿಗೂ ಏನೂ ಆಗಲಿಲ್ಲ. ಈಗ ಅವರನ್ನು ಅಕ್ಕನ ಮನೆಗೆ ಕಳಿಸಿದ್ದೇನೆ.

2022ರಲ್ಲಿ ಹೋಂ ಲೋನ್ ತಗೊಂಡಾಗ ಬ್ಯಾಂಕಿನವರೇ ಪಾಲಿಸಿ ಮಾಡಿಸಿದ್ದರು. ಭಾರತ್ ಗೃಹ ರಕ್ಷಾ, ಕಟ್ಟಡಕ್ಕೆ 24 ಲಕ್ಷ, 10 ವರ್ಷಕ್ಕೆ. ಕಂಪನಿಗೆ ಮಾರನೇ ದಿನವೇ ತಿಳಿಸಿದೆವು. ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದು ನೋಡಿ ಹೋದರು. ಈಗ ಅವರ ಲೆಕ್ಕ ಮೇಲ್‌ನಲ್ಲಿ ಬಂದಿದೆ.

ನಮ್ಮ ಎಂಜಿನಿಯರ್ ಕೊಟ್ಟ ಅಂದಾಜು: ಹಿಂದಿನ ಮೂರು ಕೋಣೆಗಳಿಗೆ 6,80,000. ತಡೆಗೋಡೆಗೆ 1,90,000. ಮುಂದಿನ ಬಿರುಕಿಗೆ 85,000. ಫ್ರಿಜ್, ಮಿಕ್ಸಿ, ಗ್ರೈಂಡರ್, ವಾಷಿಂಗ್ ಮಷೀನ್, ಪಾತ್ರೆ ಪಗಡ ಎಲ್ಲ ಸೇರಿ 1,40,000. ಒಟ್ಟು 10,95,000.

ಸರ್ವೇಯರ್ ಬರೆದದ್ದು: ಕೋಣೆಗಳಿಗೆ 5,20,000, ಅದರಲ್ಲಿ ಶೇ. 35 ಸವಕಳಿ ಕಳೆದು 3,38,000. ತಡೆಗೋಡೆಗೆ ಸೊನ್ನೆ. ಸಾಮಾನಿಗೆ ಬಿಲ್ ಇಲ್ಲ ಅಂತ ಸೊನ್ನೆ. ಬಿರುಕಿಗೂ ಸೊನ್ನೆ. ಕೊನೆಯಲ್ಲಿ ಒಂದು ಸಾಲು, 'ತುಂಬಿದ ಮಣ್ಣು ಕುಸಿದಿರುವ ಸಾಧ್ಯತೆ ಇದೆ, ಕಂಪನಿ ಪರಿಶೀಲಿಸಬೇಕು' ಅಂತ.

ಫೋನ್ ಮಾಡಿದವರು 'ಒಪ್ಪಿಕೊಂಡು ಸಹಿ ಹಾಕಿದರೆ ಬೇಗ ಹಣ ಬರುತ್ತೆ' ಅಂತಿದ್ದಾರೆ. ಸಹಿ ಹಾಕಬೇಕಾ?

ಮಕ್ಕಂದೂರಿನವಳು

ಅಣ್ಣಾ, ಮೊದಲು ಅಮ್ಮ ಚೆನ್ನಾಗಿದ್ದಾರೆ ಅಂತ ಕೇಳಿ ಸಮಾಧಾನವಾಯಿತು. 2018ರ ಆಗಸ್ಟ್ ನಾವು ಇನ್ನೂ ಮರೆತಿಲ್ಲ. ಮಕ್ಕಂದೂರು, ಹೆಮ್ಮೆತ್ತಾಳು, ಮದೆನಾಡು, ಜೋಡುಪಾಲ, ಯಾವ ಕಡೆ ತಿರುಗಿದರೂ ಮಣ್ಣೇ.

ಈಗ ಸಹಿ ಹಾಕಬೇಡಿ. ತಿಳಿದವರು ಇಲ್ಲಿ ಇದ್ದಾರೆ, ಬಂದು ಹೇಳುತ್ತಾರೆ. ಅಷ್ಟರಲ್ಲಿ ಮಣ್ಣು ತೆಗೆಸುವುದಿದ್ದರೆ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಮೇಲೆ ಬರೆ ಎಲ್ಲಿಂದ ಜಾರಿದೆ ಅನ್ನೋದು ಕಾಣುವ ಹಾಗೆ ತೆಗೆಯಿರಿ. ಬರೀ ಒಡೆದ ಗೋಡೆಯ ಫೋಟೋ ಇದ್ದರೆ, ಗೋಡೆ ಯಾಕೆ ಒಡೆಯಿತು ಅಂತ ಆಮೇಲೆ ಯಾರೂ ಹೇಳೋಕೆ ಆಗಲ್ಲ. ಒಂದು ಮಳೆ ಬಂದರೆ ಜಾರಿದ ಗುರುತೂ ತೊಳೆದು ಹೋಗುತ್ತದೆ.

ಇನ್ನೊಂದು. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆ ಮಾಡಿದ್ದಾರಾ? ಅದರಲ್ಲಿ ಕಾರಣ ಏನು ಬರೆದಿದ್ದಾರೆ ನೋಡಿ. ನಮ್ಮ ಸಂಬಂಧಿಕರೊಬ್ಬರ ಪಂಚನಾಮೆಯಲ್ಲಿ 'ಮಳೆಗೆ ಹಳೆಯ ಗೋಡೆ ಕುಸಿತ' ಅಂತ ಇತ್ತು. ಗುಡ್ಡವೇ ಬಂದು ಬಿದ್ದಿತ್ತು. ಅದನ್ನು ಸರಿ ಮಾಡಿಸೋಕೆ ತುಂಬ ಓಡಾಡಬೇಕಾಯಿತು.

ನಿವೃತ್ತ_ಸರ್ವೇಯರ್, ಮೈಸೂರು

ನಾನು ಈ ಕೆಲಸವನ್ನೇ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಧಾನವಾಗಿ ಓದಿ.

ಮೊದಲು ಸವಕಳಿ. ಭಾರತ್ ಗೃಹ ರಕ್ಷಾ 2021ರ ಏಪ್ರಿಲ್ 1ರಿಂದ ಬಂದದ್ದು. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆಯ ಪಾಲಿಸಿ ಮಾಡಿ ಕೊಟ್ಟಿತು. ಇದರಲ್ಲಿ ಕಟ್ಟಡಕ್ಕೆ ಸಿಗಬೇಕಾದದ್ದು ಮತ್ತೆ ಕಟ್ಟುವ ಖರ್ಚು. ಮನೆಗೆ ಎಷ್ಟು ವಯಸ್ಸಾಗಿದೆ ಅಂತ ನೋಡಿ ಶೇ. 35 ಕಳೆಯುವುದಕ್ಕೆ ಜಾಗವೇ ಇಲ್ಲ. ಹಳೆಯ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಮಾರ್ಕೆಟ್ ವ್ಯಾಲ್ಯೂ ಲೆಕ್ಕ ಇದ್ದಾಗ ನಾವು ಕಳೆಯುತ್ತಿದ್ದೆವು. ಆ ಅಭ್ಯಾಸ ಕೆಲವರಲ್ಲಿ ಹಾಗೇ ಉಳಿದಿದೆ. ಯಾವ ಷರತ್ತಿನ ಪ್ರಕಾರ ಸವಕಳಿ ಕಳೆದಿರಿ ಅಂತ ಮೇಲ್‌ನಲ್ಲಿ ಕೇಳಿ. ಫೋನ್‌ನಲ್ಲಿ ಕೇಳಬೇಡಿ.

ಎರಡನೆಯದು ತಡೆಗೋಡೆ. ಪಾಲಿಸಿಯಲ್ಲಿ ಮನೆ ಕಟ್ಟಡ ಅಂದರೆ ಏನೇನು ಅಂತ ಮೊದಲ ಪುಟಗಳಲ್ಲೇ ಇದೆ. ಕಾಂಪೌಂಡ್ ಗೋಡೆ, ಬೇಲಿ, ಗೇಟು, ತಡೆಗೋಡೆ, ಒಳರಸ್ತೆ, ಜಗಲಿ, ಸೆಪ್ಟಿಕ್ ಟ್ಯಾಂಕ್, ನೀರಿನ ಟ್ಯಾಂಕ್, ಸೋಲಾರ್ ಎಲ್ಲ ಹೆಚ್ಚುವರಿ ರಚನೆಗಳು ಅಂತ ಸೇರಿವೆ. ಹಾಗಾಗಿ ತಡೆಗೋಡೆಗೆ ಸುಮ್ನೆ ಸೊನ್ನೆ ಹಾಕುವಂತಿಲ್ಲ. ಆದರೆ ಒಂದು ತೊಡಕು ಇದೆ. ಮನೆಯ ಮೊತ್ತವನ್ನು ಕಾರ್ಪೆಟ್ ಏರಿಯಾಕ್ಕೆ ಕಟ್ಟುವ ದರ ಗುಣಿಸಿ ಹಾಕುತ್ತಾರೆ. ಹೆಚ್ಚುವರಿ ರಚನೆಗಳ ಮೊತ್ತವನ್ನು ಬೇರೆಯಾಗಿ ಸೇರಿಸುತ್ತಾರೆ. ನಿಮ್ಮ ಶೆಡ್ಯೂಲ್‌ನಲ್ಲಿ, ಅಂದರೆ ಪಾಲಿಸಿಯ ವಿವರಪಟ್ಟಿಯಲ್ಲಿ, ಆ ಜಾಗದಲ್ಲಿ ಏನಿದೆ ನೋಡಿ. ಖಾಲಿ ಇದ್ದರೆ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ.

ಮೂರನೆಯದು ಸಾಮಾನು. ಈ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿದರೆ ಮನೆಯ ಸಾಮಾನಿಗೂ ತಾನಾಗಿ ರಕ್ಷಣೆ ಬರುತ್ತದೆ. ಕಟ್ಟಡದ ಮೊತ್ತದ ಶೇ. 20, ಗರಿಷ್ಠ 10 ಲಕ್ಷ. ನಿಮಗೆ 4,80,000 ಆಯಿತು. ಮೊದಲೇ ಪಟ್ಟಿ ಕೊಟ್ಟಿರಬೇಕು ಅಂತಿಲ್ಲ. ಮಣ್ಣಿನಡಿ ಹೋದ ಮಿಕ್ಸಿಯ ಬಿಲ್ ಯಾರ ಹತ್ತಿರ ಇರುತ್ತದೆ? ಬಿಲ್ ಇಲ್ಲದಿದ್ದರೂ ವಸ್ತು ಇತ್ತು ಅಂತ ತೋರಿಸಿದರೆ ಸಾಕು. ಮಣ್ಣಿನಲ್ಲಿ ಸಿಕ್ಕ ತುಂಡು, ಮಾಡೆಲ್ ನಂಬರಿನ ಸ್ಟಿಕ್ಕರ್, ಹಬ್ಬದ ದಿನ ಅಡುಗೆಮನೆಯಲ್ಲಿ ತೆಗೆದ ಫೋಟೋ, ಆನ್‌ಲೈನ್ ಆರ್ಡರ್, ವಾರಂಟಿ ಮೆಸೇಜು, ಅಂಗಡಿಯವರು ಕೊಟ್ಟ ನಕಲು ಬಿಲ್. ಒಂದೊಂದು ವಸ್ತುವಿನ ಮುಂದೆ ಅದರ ಪುರಾವೆ ಬರೆದು ಪಟ್ಟಿ ಮಾಡಿ.

ಬಿರುಕು ಮತ್ತು ತುಂಬಿದ ಮಣ್ಣಿನ ವಿಷಯ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಮೊದಲು ಒಂದು ಪ್ರಶ್ನೆ. ನಿಮ್ಮ ಜಾಗವನ್ನು ಹಿಂದೆ ಕಡಿದು ಮುಂದೆ ತುಂಬಿ ಸಮ ಮಾಡಿದ್ದಾ?

ಕಾಫಿತೋಟದಂಚು, ಮಡಿಕೇರಿ

ಹೌದು ಸರ್. ಇಲ್ಲಿ ಎಲ್ಲರೂ ಹಾಗೆಯೇ ಮಾಡೋದು. ಅಪ್ಪನ ಕಾಲದಲ್ಲಿ ಹಿಂದಿನ ಬರೆ ಕಡಿದು, ಆ ಮಣ್ಣನ್ನೇ ಮುಂದೆ ತುಂಬಿ ಸಮ ಮಾಡಿದ್ದು. ಸಿಟ್‌ಔಟ್ ತುಂಬಿದ ಜಾಗದ ಮೇಲಿದೆ. ಅಡುಗೆಮನೆ ಗಟ್ಟಿ ನೆಲದ ಮೇಲಿದೆ.

ನಿವೃತ್ತ_ಸರ್ವೇಯರ್, ಮೈಸೂರು

ಹಾಗಿದ್ದರೆ ನಿಮ್ಮ ಕ್ಲೈಮ್ ಉಳಿಯೋದೂ ಹೋಗೋದೂ ಇಲ್ಲೇ.

ಪಾಲಿಸಿಯಲ್ಲಿ ಭೂಕುಸಿತಕ್ಕೆ, ಬಂಡೆ ಜಾರಿದ್ದಕ್ಕೆ, ಮನೆ ನಿಂತ ನೆಲ ಕುಸಿದದ್ದಕ್ಕೆ ರಕ್ಷಣೆ ಇದೆ. ಅದೇ ಸಾಲಿನಲ್ಲಿ ಹೊರಗಿಟ್ಟ ಸಂಗತಿಗಳೂ ಇವೆ. ಹೊಸ ಕಟ್ಟಡ ಕೂತುಕೊಳ್ಳುವಾಗ ಬರುವ ಮಾಮೂಲಿ ಬಿರುಕು. ತುಂಬಿದ ಮಣ್ಣು ಕೂರುವುದು ಅಥವಾ ಸರಿಯುವುದು. ಕಡಲ ಕೊರೆತ, ನದಿ ಕೊರೆತ. ಕೆಟ್ಟ ವಿನ್ಯಾಸ, ಕಳಪೆ ಕೆಲಸ. ಕೆಡವುವುದು, ಕಟ್ಟುವುದು, ನೆಲ ಅಗೆಯುವುದು.

ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ಹಾನಿ ಆಗಿದೆ. ಹಿಂದೆ, ಮೇಲಿನ ಬರೆ ಜಾರಿ ಬಂದು ಬಿದ್ದಿದೆ. ಅದು ಭೂಕುಸಿತ. ಮುಂದೆ, ತುಂಬಿದ ಮಣ್ಣು ನೀರು ಕುಡಿದು ಕೂತಿದೆ. ಅದು ಹೊರಗಿಟ್ಟ ಪಟ್ಟಿಯಲ್ಲಿದೆ. ನೀವು ಎರಡನ್ನೂ ಒಂದೇ ಅಂದಾಜಿನಲ್ಲಿ ಸೇರಿಸಿ ಕೊಟ್ಟಿದ್ದೀರಿ. ಸರ್ವೇಯರ್ ಮುಂದಿನ ಬಿರುಕು ನೋಡಿ ಆ ಒಂದು ಸಾಲು ಬರೆದಿದ್ದಾರೆ. ಅದೇ ಸಾಲನ್ನು ಇಟ್ಟುಕೊಂಡು ಕಂಪನಿ ಇಡೀ ಕ್ಲೈಮನ್ನೇ ತಳ್ಳಿಹಾಕಬಹುದು.

ನನ್ನ ಸಲಹೆ ಕೇಳಿ. ಮುಂದಿನ 85,000ವನ್ನು ಬಿಟ್ಟುಬಿಡಿ. 'ಇದನ್ನು ನಾನು ಕೇಳುತ್ತಿಲ್ಲ, ಹಿಂದಿನ ಹಾನಿಯ ಕಾರಣ ಇದಕ್ಕಿಂತ ಬೇರೆ' ಅಂತ ಬರೆದು ಕೊಡಿ. ಹಿಂದಿನ ಭಾಗಕ್ಕೆ ಎಂಜಿನಿಯರ್ ಹತ್ತಿರ ಬೇರೆ ವರದಿ ಮಾಡಿಸಿ.

ಬೆಳ್ಳಂದೂರು_ಫ್ಲಾಟ್

ಯಾಕೆ ಸರ್ ಬಿಡಬೇಕು? ಒಂದೇ ರಾತ್ರಿ, ಒಂದೇ ಮಳೆ. ಪ್ರೀಮಿಯಂ ಕಟ್ಟಿದ್ದಾರೆ. ಎಲ್ಲವನ್ನೂ ಕೇಳಬೇಕು, ಅವರು ಎಷ್ಟು ಕಡಿತ ಮಾಡುತ್ತಾರೋ ಮಾಡಲಿ. ನಾವೇ ಮೊದಲು ಬಿಟ್ಟುಕೊಟ್ಟರೆ ಮುಂದಿನದನ್ನೂ ಬಿಡಿ ಅಂತಾರೆ.

ಶಿವಮೊಗ್ಗ_ಸಿವಿಲ್

ನಾನು ಸರ್ವೇಯರ್ ಸರ್ ಮಾತಿಗೆ ಸೇರುತ್ತೇನೆ. ನಾನು ಸಿವಿಲ್ ಎಂಜಿನಿಯರ್, ತೀರ್ಥಹಳ್ಳಿ, ಕೊಪ್ಪ ಕಡೆ ಇಂಥ ಮನೆಗಳನ್ನು ನೋಡಿದ್ದೇನೆ. ಕಡಿದ ಭಾಗ ಮತ್ತು ತುಂಬಿದ ಭಾಗ ಬೇರೆ ಬೇರೆ ಥರ ಸೋಲುತ್ತವೆ. ಬಿರುಕೇ ಅದನ್ನು ಹೇಳುತ್ತದೆ. ತುಂಬಿದ ಮಣ್ಣು ಕೂತರೆ ಬಿರುಕು ಸಾಮಾನ್ಯವಾಗಿ ಓರೆಯಾಗಿ, ಕಿಟಕಿ ಬಾಗಿಲ ಮೂಲೆಯಿಂದ ಹೊರಡುತ್ತದೆ, ನೆಲವೂ ಒಂದು ಕಡೆ ವಾಲುತ್ತದೆ. ಹಿಂದಿನಿಂದ ಮಣ್ಣು ತಳ್ಳಿದರೆ ಗೋಡೆ ಒಳಗೆ ಉಬ್ಬುತ್ತದೆ, ಇಟ್ಟಿಗೆ ಮನೆಯ ಒಳಗೆ ಬಿದ್ದಿರುತ್ತದೆ. ನಿಮ್ಮ ಅಡುಗೆಮನೆಯ ಇಟ್ಟಿಗೆ ಯಾವ ಕಡೆ ಬಿದ್ದಿದೆ ಅನ್ನೋದೇ ದೊಡ್ಡ ಸಾಕ್ಷಿ. ಆ ಫೋಟೋ ಇದೆಯಾ?

ವರದಿಯಲ್ಲಿ ಇವು ಬರಬೇಕು: ಬರೆಯ ಎತ್ತರ ಮತ್ತು ಇಳಿಜಾರು, ಜಾರಿದ ಮಣ್ಣು ಎಲ್ಲಿಂದ ಶುರುವಾಗಿದೆ, ಎಷ್ಟು ಅಗಲ, ಮೇಲೆ ನೀರು ನಿಲ್ಲುವ ಜಾಗ ಇದೆಯಾ, ತಡೆಗೋಡೆಯಲ್ಲಿ ನೀರು ಹೋಗುವ ತೂತುಗಳಿದ್ದವಾ. ಕೊನೆಯದನ್ನು ಬಿಡಬೇಡಿ. ತೂತು ಇರಲಿಲ್ಲ ಅಂದರೆ 'ಕೆಟ್ಟ ವಿನ್ಯಾಸ' ಅಂತ ಶುರು ಮಾಡುತ್ತಾರೆ.

ಬರೆ ಕಡಿದದ್ದೇ ತಪ್ಪು ಅಂತಲೂ ಕಂಪನಿ ಹೇಳಬಹುದು. ಕೊಡಗಿನ ಕುಸಿತಗಳ ಬಗ್ಗೆ 2018ರ ನಂತರ ಇಳಿಜಾರು ಕಡಿದಿರುವ ಮಾತು ಜಾಸ್ತಿ ಬಂತು. ಅದು ನಿಜವೂ ಹೌದು. ಆದರೆ ನಿಮ್ಮ ಬರೆ ಅಪ್ಪನ ಕಾಲದಲ್ಲಿ ಕಡಿದದ್ದು. 2018ರ ಮಳೆಗೂ, 2019ರ ಮಳೆಗೂ ನಿಂತಿತ್ತು. ಈ ವರ್ಷ ಅಲ್ಲಿ ಯಾರೂ ಜೆಸಿಬಿ ಹಚ್ಚಿಲ್ಲ ಅಲ್ವಾ? ಹಾಗಾದರೆ ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಸಿ.

ಮಳೆ ಎಷ್ಟು ಬಂತು ಅನ್ನೋದಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ (ಕೆಎಸ್‌ಎನ್‌ಡಿಎಂಸಿ) ಅಂಕಿ ತಗೊಳ್ಳಿ. ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಜಿಲ್ಲೆಯ ಸರಾಸರಿಗಿಂತ ನಿಮ್ಮ ಪಂಚಾಯಿತಿಯ ಆ ದಿನದ ಅಂಕಿಗೆ ತೂಕ ಜಾಸ್ತಿ.

ಕಾಫಿತೋಟದಂಚು, ಮಡಿಕೇರಿ

ಇಟ್ಟಿಗೆ ಎಲ್ಲ ಒಳಗೇ ಬಿದ್ದಿವೆ. ಫೋಟೋ ಇದೆ, ಅಕ್ಕನ ಮಗ ಬೆಳಿಗ್ಗೆಯೇ ವಿಡಿಯೋ ಕೂಡ ಮಾಡಿದ್ದ. ಜೆಸಿಬಿ ಯಾರೂ ತಂದಿಲ್ಲ. ತಡೆಗೋಡೆಗೆ ಪೈಪ್ ಇಟ್ಟಿದ್ದೆವು, ಉಳಿದ ಅರ್ಧ ಗೋಡೆಯಲ್ಲಿ ಈಗಲೂ ಕಾಣುತ್ತದೆ. ಪಂಚನಾಮೆಯಲ್ಲಿ 'ಬರೆ ಕುಸಿದು ಮನೆಯ ಹಿಂಭಾಗ ಭಾಗಶಃ ಹಾನಿ' ಅಂತ ಇದೆ.

ಆದರೆ ನನ್ನ ಹತ್ತಿರ ಪೂರ್ತಿ ಪಾಲಿಸಿಯೇ ಇಲ್ಲ. ಬ್ಯಾಂಕಿನಿಂದ ಬಂದ ಒಂದು ಪುಟದ ಸರ್ಟಿಫಿಕೇಟ್ ಅಷ್ಟೇ ಇರೋದು.

ಬ್ಯಾಂಕ್_ಕೌಂಟರ್, ಹಾಸನ

ಇದು ತುಂಬ ಜನರ ಪಾಡು. ನಾನು ಬ್ಯಾಂಕಿನಲ್ಲಿ ಲೋನ್ ವಿಭಾಗದಲ್ಲಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಸಾಲದ ಜೊತೆ ಬರುವ ವಿಮೆ ಎರಡು ಥರ. ಒಂದು, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆ. ಇನ್ನೊಂದು, ಕಟ್ಟಡದ ವಿಮೆ. ಎಷ್ಟೋ ಜನ ಮೊದಲನೆಯದನ್ನು ಇಟ್ಟುಕೊಂಡು ಮನೆಗೆ ವಿಮೆ ಇದೆ ಅಂದುಕೊಂಡಿರುತ್ತಾರೆ. ಓದುತ್ತಿರುವ ಎಲ್ಲರೂ ದಯವಿಟ್ಟು ಈಗಲೇ ನಿಮ್ಮ ಕಾಗದ ತೆಗೆದು ನೋಡಿ. ಮನೆ ಬಿದ್ದ ಮೇಲೆ ನೋಡಿದರೆ ಏನೂ ಮಾಡೋಕಾಗಲ್ಲ.

ನಿಮ್ಮದು ಕಟ್ಟಡದ್ದೇ, ಒಳ್ಳೆಯದು. ಪಾಲಿಸಿ ನಂಬರ್ ಇದ್ದರೆ ಕಂಪನಿಯಿಂದಲೇ ಪೂರ್ತಿ ಒಕ್ಕಣೆ ಮತ್ತು ಶೆಡ್ಯೂಲ್ ಮೇಲ್‌ನಲ್ಲಿ ತರಿಸಿಕೊಳ್ಳಿ. ಅದರ ಜೊತೆ ನೀವು ಸಹಿ ಹಾಕಿದ ಪ್ರಪೋಸಲ್ ಫಾರಂನ ಪ್ರತಿಯನ್ನೂ ಕೇಳಿ. ತಡೆಗೋಡೆಯ ಮೊತ್ತ ಬರೆದಿದೆಯಾ ಇಲ್ಲವಾ ಅಂತ ಅದರಲ್ಲಿ ಗೊತ್ತಾಗುತ್ತದೆ.

ಬ್ಯಾಂಕಿಗೂ ಹಾನಿಯ ವಿಷಯ ಬರೆದು ಕೊಡಿ. ಅಡವಿಟ್ಟ ಮನೆಯ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ, ಹಣ ಮೊದಲು ಬ್ಯಾಂಕಿಗೆ ಹೋಗುವ ಷರತ್ತೂ ಇರುತ್ತದೆ. ರಿಪೇರಿಗೆ ಆ ಹಣ ಬಿಡುಗಡೆ ಮಾಡಬೇಕು ಅಂತ ಶಾಖೆಯ ಮ್ಯಾನೇಜರ್‌ಗೆ ಮೊದಲೇ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಇಲ್ಲಾಂದರೆ ಹಣ ಸಾಲದ ಖಾತೆಗೆ ಜಮಾ ಆಗಿ ಅಸಲಿನಲ್ಲಿ ಕಳೆದುಹೋಗುತ್ತದೆ, ನಿಮ್ಮ ಅಡುಗೆಮನೆ ಹಾಗೇ ಉಳಿಯುತ್ತದೆ.

ನಿವೃತ್ತ_ಸರ್ವೇಯರ್, ಮೈಸೂರು

ಒಳ್ಳೆ ಮಾತು ಹೇಳಿದರು. 10 ವರ್ಷದ ಪಾಲಿಸಿ ಅಂತ ಹೇಳಿದಿರಿ. ದೀರ್ಘಾವಧಿಯ ಪಾಲಿಸಿಯಲ್ಲಿ ಕಟ್ಟಡದ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನಾಗಿ ಏರುತ್ತದೆ, ಅದಕ್ಕೆ ಬೇರೆ ಪ್ರೀಮಿಯಂ ಇಲ್ಲ. 24 ಲಕ್ಷ ಅನ್ನೋದು 2022ರ ಮೊತ್ತ. ಈಗ ಅದಕ್ಕಿಂತ ಜಾಸ್ತಿ ಇದೆ.

ಕೇಳಲು ಜನ ಮರೆಯುವ ಇನ್ನೂ ಕೆಲವು ಬಾಬ್ತು ಇವೆ. ಆರ್ಕಿಟೆಕ್ಟ್, ಎಂಜಿನಿಯರ್ ಫೀಸು, ಕ್ಲೈಮ್ ಮೊತ್ತದ ಶೇ. 5ರವರೆಗೆ. ಮಣ್ಣು, ಕಲ್ಲು, ಒಡೆದ ಗೋಡೆ ತೆಗೆಸುವ ಖರ್ಚು, ಶೇ. 2ರವರೆಗೆ. ಮನೆ ವಾಸಕ್ಕೆ ಯೋಗ್ಯವಾಗಿಲ್ಲ ಅಂದರೆ ಬೇರೆ ಕಡೆ ಇರುವ ಬಾಡಿಗೆ. ಶೆಡ್ಯೂಲ್‌ನಲ್ಲಿ ಬಾಡಿಗೆಯ ಸಾಲು ಹೇಗಿದೆ ನೋಡಿಕೊಳ್ಳಿ. ಘಟನೆಯಾದ 7 ದಿನದ ಒಳಗೆ ಮುರಿದ ಮನೆಯಿಂದ ಏನಾದರೂ ಕಳುವಾದರೆ ಅದಕ್ಕೂ ರಕ್ಷಣೆ ಇದೆ.

ಸಿಗದ್ದೂ ಹೇಳುತ್ತೇನೆ. ಜಾರಿ ಹೋದ ನೆಲಕ್ಕೆ ಹಣ ಇಲ್ಲ. ಬರೆಯನ್ನು ಮತ್ತೆ ಮೆಟ್ಟಿಲು ಮಾಡಿ ಕಟ್ಟುವ ಖರ್ಚು ಬರುವುದಿಲ್ಲ. ಮೊದಲಿದ್ದ ಕಲ್ಲಿನ ತಡೆಗೋಡೆಯ ಜಾಗದಲ್ಲಿ ಆರ್‌ಸಿಸಿ ಗೋಡೆ ಕಟ್ಟಿದರೆ ವ್ಯತ್ಯಾಸ ನಿಮ್ಮದೇ.

ಸರ್ವೇಯರ್ ಜೊತೆ ಜಗಳ ಬೇಡ. ಅವರು ಕಂಪನಿಯ ನೌಕರರಲ್ಲ, ಐಆರ್‌ಡಿಎಐ ಲೈಸೆನ್ಸ್ ಇರುವವರು. ಎರಡೂ ಕಡೆ ನೋಡಿ ಬರೆಯುವುದು ಅವರ ಕೆಲಸ. ಒಂದು ವಾರದಲ್ಲಿ ಹತ್ತಾರು ಮನೆ ನೋಡುವಾಗ, ತೋರಿಸದ್ದು ಅವರ ಕಾಗದಕ್ಕೆ ಬರುವುದಿಲ್ಲ. ನಾನೇ ಮಳೆಗಾಲದಲ್ಲಿ ಟಾರ್ಚ್ ಹಿಡಿದು ಮನೆ ನೋಡಿದ್ದೇನೆ. ಹೊಸ ವರದಿ, ಫೋಟೋ, ಪಟ್ಟಿ ಕೊಟ್ಟು ಮತ್ತೊಮ್ಮೆ ನೋಡಲು ಕೇಳಿ. ಅವರ ವರದಿಯ ಪ್ರತಿಯನ್ನೂ ಕೇಳಿ ತಗೊಳ್ಳಿ.

ಘಟಪ್ರಭಾ_ದಂಡೆ, ಗೋಕಾಕ

ಇಲ್ಲಿ ಮನೆ ಪಾಲಿಸಿ ಮಾತು ನಡೆದೈತಿ, ಆದ್ರೂ ಅಂಗಡಿಯವರು ಓದ್ತಿದ್ದರೆ ಅವರಿಗೊಂದು ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಊರೊಳಗೆ ಬಂದಾಗ ನಮ್ಮ ಬಟ್ಟೆ ಅಂಗಡಿ ಪೂರ್ತಿ ಮುಳುಗಿತು. ಅಂಗಡಿ ಪಾಲಿಸಿಯಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿದ್ದರೆ ಅದೇ ಅನುಪಾತದಲ್ಲಿ ಕ್ಲೈಮ್ ಕಡಿಮೆ ಮಾಡ್ತಾರ್ರೀ. 20 ಲಕ್ಷದ ಮಾಲಿಗೆ 10 ಲಕ್ಷಕ್ಕೆ ವಿಮೆ ಇದ್ದು, 6 ಲಕ್ಷದ ಮಾಲು ಹಾಳಾದರೆ, ಕೈಗೆ ಬರೋದು 3 ಲಕ್ಷ. 6 ಲಕ್ಷ 10 ಲಕ್ಷದೊಳಗೇ ಇದೆಯಲ್ಲ ಅಂತ ಎಷ್ಟು ಕೂಗಿದರೂ ಪ್ರಯೋಜನ ಇಲ್ಲ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಸಣ್ಣ ಅಂಗಡಿಗೆ ಈಗ ಇರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾದಲ್ಲಿ ಶೇ. 15ರವರೆಗಿನ ಕೊರತೆಯನ್ನು ಮಾತ್ರ ಬಿಡ್ತಾರೆ.

ಲೆಕ್ಕದ ಪುಸ್ತಕ ಒದ್ದೆಯಾದರೂ ಜಿಎಸ್‌ಟಿ ರಿಟರ್ನು, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟು, ಸೂರತ್‌ನ ವ್ಯಾಪಾರಿಗಳ ಲೆಡ್ಜರು ಕೆಲಸಕ್ಕೆ ಬರ್ತಾವೆ. ಹಾಳಾದ ಮಾಲಿನ ಮೇಲೆ ತಗೊಂಡ ಇನ್‌ಪುಟ್ ಕ್ರೆಡಿಟ್ಟನ್ನು, ಅಂದ್ರೆ ಮಾಲು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಗೆ ಸಿಕ್ಕ ವಜಾವನ್ನು, ವಾಪಸ್ ಕಟ್ಟಬೇಕು. ಹಾಗಾಗಿ ಕ್ಲೈಮ್‌ನಲ್ಲಿ ಜಿಎಸ್‌ಟಿ ಸೇರಿಸಿಯೇ ಕೇಳ್ರಿ. ಇದನ್ನು ನಮಗೆ ಹೇಳಿದ್ದು ನಮ್ಮ ಆಡಿಟರ್. ಒದ್ದೆ ಮಾಲನ್ನು ಸರ್ವೇಯರ್ ನೋಡೋಕೆ ಮೊದಲು ತಿಪ್ಪೆಗೆ ಹಾಕಬ್ಯಾಡ್ರಿ.

ಬೆಳ್ಳಂದೂರು_ಫ್ಲಾಟ್

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಬೇಸ್‌ಮೆಂಟ್ ತುಂಬಿದಾಗ ಆದ ಗೊಂದಲ ನೋಡಿದವನು ನಾನು, ಅದಕ್ಕೇ ಸ್ವಲ್ಪ ಬಿಸಿಯಾಗಿ ಬರೆದೆ. ಲಿಫ್ಟು, ಜನರೇಟರ್, ಪಂಪು ಅಸೋಸಿಯೇಷನ್ ಪಾಲಿಸಿಗೆ. ಮನೆ ಸಾಮಾನು ಅವರವರ ಪಾಲಿಸಿಗೆ. ಕಾರು ಮೋಟಾರ್ ಪಾಲಿಸಿಗೆ. ಯಾರು ಯಾರಿಗೆ ತಿಳಿಸಬೇಕು ಅಂತಲೇ ಗೊತ್ತಿರಲಿಲ್ಲ. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ನೋಡಿದವರ ಎಂಜಿನ್ ಹೋಯಿತು, ಎಂಜಿನ್ ರಕ್ಷಣೆಯ ಆಡ್‌ಆನ್ ಇಲ್ಲದವರಿಗೆ ಅದರ ಹಣ ಬರಲಿಲ್ಲ.

ಒಂದು ಕೇಳಬೇಕು. ಶೇಕಡಾವಾರು ಕಮಿಷನ್ ತಗೊಂಡು ಕ್ಲೈಮ್ ಮಾಡಿಸಿಕೊಡುತ್ತೇವೆ ಅಂತ ಬರುವವರನ್ನು ಹಿಡಿಯೋದು ಒಳ್ಳೆಯದಾ? ಅಥವಾ ನೇರ ಗ್ರಾಹಕರ ಕೋರ್ಟಿಗೆ ಹೋಗೋದಾ?

ವಕೀಲೆ_ಮಂಗಳೂರು

ಎರಡೂ ಈಗಲೇ ಬೇಡ ಅಂತ ನಾನು ಹೇಳುವುದು. ಮನೆ ಕಳೆದುಕೊಂಡು ಕೂತವರ ಹತ್ತಿರ ಶೇಕಡಾ ಕೇಳಿಕೊಂಡು ಬರುವವರನ್ನು ನೋಡಿದರೆ ನನಗೆ ಬೇಸರ ಆಗುತ್ತದೆ. ನೀವೇ ಮಾಡಬಹುದಾದ ಕೆಲಸ ಇದು.

ಮೊದಲು ಸಹಿಯ ವಿಷಯ. 'ಪೂರ್ಣ ಮತ್ತು ಅಂತಿಮ ಇತ್ಯರ್ಥ' ಅಂತ ಇರುವ ವೋಚರ್‌ಗೆ ಒತ್ತಡದಲ್ಲಿ ಸಹಿ ಹಾಕಿದ್ದರೂ ಹಕ್ಕು ಮುಗಿಯುವುದಿಲ್ಲ. ಮೋಸ, ಒತ್ತಡ ಅಥವಾ ತಪ್ಪು ಮಾಹಿತಿಯಿಂದ ಸಹಿ ಪಡೆದಿದ್ದರೆ ಗ್ರಾಹಕ ಮತ್ತೆ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಐಆರ್‌ಡಿಎಐ ಕೂಡ 2015ರಲ್ಲಿ ಕಂಪನಿಗಳಿಗೆ ಈ ಬಗ್ಗೆ ಸುತ್ತೋಲೆ ಕಳಿಸಿದೆ. ಆದರೆ ಒತ್ತಡ ಇತ್ತು ಅಂತ ನೀವು ತೋರಿಸಬೇಕಾಗುತ್ತದೆ. ಅದಕ್ಕೆ ಸಹಿ ಹಾಕುವ ಮೊದಲೇ ಆಕ್ಷೇಪ ಮೇಲ್ ಮಾಡಿ. ಹಣ ತುರ್ತಾಗಿ ಬೇಕಿದ್ದರೆ, ಆಕ್ಷೇಪ ಉಳಿಸಿಕೊಂಡು ಸಹಿ ಹಾಕುತ್ತಿದ್ದೇನೆ ಅಂತ ವೋಚರ್ ಮೇಲೆಯೇ ಬರೆದು ಫೋಟೋ ಇಟ್ಟುಕೊಳ್ಳಿ.

ಸರ್ವೇಯರ್ ವರದಿಗೆ ಬೆಲೆ ಇದೆ, ಆದರೆ ಅದೇ ಕೊನೆಯ ಮಾತಲ್ಲ. ಸುಪ್ರೀಂ ಕೋರ್ಟ್ 2009ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಹೊರಗಿಟ್ಟ ಪಟ್ಟಿಯನ್ನು ತೋರಿಸಿ ಹಣ ಕೊಡಲ್ಲ ಅಂದರೆ, ಆ ಕಾರಣ ನಿಜ ಅಂತ ಸಾಬೀತು ಮಾಡಬೇಕಾದವರು ಕಂಪನಿಯವರು. 'ಸಾಧ್ಯತೆ ಇದೆ' ಅಂತ ಬರೆದರೆ ಸಾಲದು. ತಿರಸ್ಕಾರದ ಪತ್ರ ಬಂದರೆ ಕಾರಣಗಳನ್ನು ಒಂದೊಂದಾಗಿ ಓದಿ. ಪತ್ರದಲ್ಲಿ ಇಲ್ಲದ ಹೊಸ ಕಾರಣವನ್ನು ಕೋರ್ಟಿನಲ್ಲಿ ತೆಗೆಯಲು ಅವರಿಗೆ ಆಗುವುದಿಲ್ಲ.

ದಾರಿ ಹೀಗಿದೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೇಲ್. ಅದರ ಜೊತೆಗೇ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು, 155255ಕ್ಕೆ ಕರೆ ಮಾಡಿಯೂ ಕೊಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕ ಇಲ್ಲ. ವಕೀಲರಿಗೆ ಅಲ್ಲಿ ವಾದಿಸಲು ಅವಕಾಶ ಇಲ್ಲ, ನೀವೇ ಮಾತಾಡಬೇಕು. ವಿಡಿಯೋ ಮೂಲಕವೂ ವಿಚಾರಣೆ ನಡೆಯುತ್ತದೆ, ಮಡಿಕೇರಿಯಿಂದ ಬರಲೇಬೇಕು ಅಂತಿಲ್ಲ. 50 ಲಕ್ಷದವರೆಗಿನ ಪರಿಹಾರ ಕೊಡಿಸಬಹುದು. ಕಂಪನಿ ಉತ್ತರ ಕೊಟ್ಟ ಒಂದು ವರ್ಷದೊಳಗೆ ದೂರು ಹೋಗಬೇಕು. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, 30 ದಿನದಲ್ಲಿ ಪಾಲಿಸಬೇಕು.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2 ವರ್ಷದೊಳಗೆ ಹೋಗಬೇಕು. ಅಲ್ಲಿ ವ್ಯಾಪ್ತಿ ನಿರ್ಧಾರವಾಗುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ, ಹಾಗಾಗಿ ಮನೆಯ ಕ್ಲೈಮ್‌ಗಳೆಲ್ಲ ಹೆಚ್ಚುಕಡಿಮೆ ಜಿಲ್ಲೆಯಲ್ಲೇ ಆಗುತ್ತವೆ.

ಮಕ್ಕಂದೂರಿನವಳು

ಮೇಡಂ, ಒಂದು ಪ್ರಶ್ನೆ. ಸರ್ಕಾರದ ಪರಿಹಾರ ತಗೊಂಡರೆ ಇನ್ಶೂರೆನ್ಸ್ ಹೋಗುತ್ತೆ ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ. ಹೆದರಿ ಅರ್ಜಿಯನ್ನೇ ಹಾಕದವರಿದ್ದಾರೆ.

ವಕೀಲೆ_ಮಂಗಳೂರು

ಎರಡೂ ಬೇರೆ ಬೇರೆ ಅಮ್ಮಾ. ಸರ್ಕಾರದ್ದು ಪರಿಹಾರ, ಇದು ಪ್ರೀಮಿಯಂ ಕಟ್ಟಿದ ಒಪ್ಪಂದ. ಎರಡಕ್ಕೂ ಅರ್ಜಿ ಹಾಕಲಿ. ಕ್ಲೈಮ್ ಫಾರಂನಲ್ಲಿ ಬೇರೆ ಕಡೆಯಿಂದ ಹಣ ಬಂದಿದೆಯಾ ಅಂತ ಕೇಳಿದರೆ ಇದ್ದದ್ದನ್ನು ಬರೆಯಲಿ, ಮುಚ್ಚಿಡಬಾರದು.

ನಿವೃತ್ತ_ಸರ್ವೇಯರ್, ಮೈಸೂರು

ಗಡುವಿನ ಬಗ್ಗೆಯೂ ಒಂದು ಮಾತು. ಐಆರ್‌ಡಿಎಐಯ 2024ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಸರ್ವೇಯರ್ ವರದಿ 15 ದಿನದಲ್ಲಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ವರದಿ ತರಿಸಿಕೊಳ್ಳುವುದು ಕಂಪನಿಯ ಹೊಣೆ. ನೀವು ಬರೆಯುವ ಪ್ರತಿ ಮೇಲ್‌ನಲ್ಲೂ ಹಾನಿಯಾದ ದಿನ, ತಿಳಿಸಿದ ದಿನ, ಸರ್ವೇಯರ್ ಬಂದ ದಿನ ಬರೆಯಿರಿ. ಫೋನ್‌ನಲ್ಲಿ ಮಾತಾಡಿದರೆ, ಅದೇ ದಿನ 'ಇವತ್ತು ನಾವು ಮಾತಾಡಿದ್ದು ಹೀಗೆ' ಅಂತ ಮೇಲ್ ಹಾಕಿ.

ಕಾಫಿತೋಟದಂಚು, ಮಡಿಕೇರಿ

ಸ್ವಲ್ಪ ಸಮಯ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಹೇಳಿದ ಹಾಗೆ ಮಾಡಿದೆ. ಮುಂದಿನ ಬಿರುಕನ್ನು ಕ್ಲೈಮ್‌ನಿಂದ ತೆಗೆದೆ. ಎಂಜಿನಿಯರ್ ಬಂದು ಹಿಂದಿನ ಭಾಗಕ್ಕೆ ಮಾತ್ರ ವರದಿ ಬರೆದರು, ಇಟ್ಟಿಗೆ ಒಳಗೆ ಬಿದ್ದ ಫೋಟೋ, ಪೈಪ್ ಇರುವ ಅರ್ಧ ಗೋಡೆಯ ಫೋಟೋ ಎಲ್ಲ ಸೇರಿಸಿದರು. ಪಂಚಾಯಿತಿಯ ಮಳೆ ಅಂಕಿ, ಪಂಚನಾಮೆ ಇಟ್ಟೆ. ಸಾಮಾನಿನ ಪಟ್ಟಿಯನ್ನು ಅಮ್ಮನೇ ಕೂತು ಬರೆಸಿದರು. ಯಾವ ಪಾತ್ರೆ ಎಲ್ಲಿ ಇತ್ತು ಅಂತ ಅವರಿಗೆ ಒಂದೂ ಮರೆತಿಲ್ಲ. ಸರ್ವೇಯರ್ ಮತ್ತೆ ಬಂದರು, ಈ ಸಲ ಏಣಿ ಹಾಕಿ ಮೇಲಿನ ಬರೆಯನ್ನೂ ನೋಡಿದರು.

ಹೊಸ ಲೆಕ್ಕ ಬಂದಿದೆ. ಕೋಣೆಗಳಿಗೆ 5,95,000, ಸವಕಳಿ ಇಲ್ಲ. ಸಾಮಾನಿಗೆ 96,000. ಮಣ್ಣು ತೆಗೆಸಿದ್ದಕ್ಕೆ ಶೇ. 2, ಎಂಜಿನಿಯರ್ ಫೀಸಿಗೆ 20,000. ತುಂಬಿದ ಮಣ್ಣಿನ ಸಾಲು ವರದಿಯಲ್ಲಿ ಇಲ್ಲ. ತಡೆಗೋಡೆಗೆ ಮಾತ್ರ ಈಗಲೂ ಸೊನ್ನೆ. ಶೆಡ್ಯೂಲ್‌ನಲ್ಲಿ ಹೆಚ್ಚುವರಿ ರಚನೆಯ ಜಾಗ ಖಾಲಿ ಇದೆ ಅಂತ ಕಾರಣ ಕೊಟ್ಟಿದ್ದಾರೆ. ಪ್ರಪೋಸಲ್ ಫಾರಂ ತರಿಸಿ ನೋಡಿದರೆ ಆ ಕಾಲಂ ಅನ್ನು ಯಾರೂ ತುಂಬಿಯೇ ಇಲ್ಲ.

ಉಳಿದದ್ದನ್ನು ತಗೊಂಡು ಗೋಡೆಗಾಗಿ ಮಾತ್ರ ಮುಂದೆ ಹೋಗಬಹುದಾ?

ವಕೀಲೆ_ಮಂಗಳೂರು

ಹೋಗಬಹುದು. ಗೋಡೆಯ ಹೊರತಾಗಿ ಉಳಿದದ್ದಕ್ಕೆ ಒಪ್ಪಿಗೆ ಅಂತ ಬರೆದು ಹಣ ತಗೊಳ್ಳಿ. ಗೋಡೆ ಕಷ್ಟದ ವಿಷಯ, ಸಿಕ್ಕೇ ಸಿಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ನಿಮ್ಮ ವಾದ ಎರಡು. ಕಟ್ಟಡದ ವ್ಯಾಖ್ಯೆಯಲ್ಲೇ ತಡೆಗೋಡೆ ಇದೆ, ನೀವು ಕೇಳುತ್ತಿರುವುದು ವಿಮೆಯ ಒಟ್ಟು ಮೊತ್ತವನ್ನು ಇನ್ನೂ ಮುಟ್ಟಿಲ್ಲ. ಇನ್ನೊಂದು, ಫಾರಂ ತುಂಬಿಸಿದ್ದು ಅವರ ಕಡೆಯವರು, ಆ ಕಾಲಂ ಬಗ್ಗೆ ನಿಮ್ಮನ್ನು ಕೇಳಲೇ ಇಲ್ಲ. ಕುಂದುಕೊರತೆ ಅಧಿಕಾರಿಗೆ ಇಷ್ಟನ್ನೇ ಬರೆಯಿರಿ, ಬೇರೆ ಏನನ್ನೂ ಎಳೆಯಬೇಡಿ.

ಶಿವಮೊಗ್ಗ_ಸಿವಿಲ್

ಗೋಡೆಯ ಹಣಕ್ಕೆ ಕಾಯುತ್ತಾ ಗೋಡೆ ಕಟ್ಟೋದನ್ನು ನಿಲ್ಲಿಸಬೇಡಿ. ಮುಂದಿನ ಮಳೆಗೆ ಮೊದಲು ಬರೆಯ ಮೇಲೆ ನೀರು ತಿರುಗಿಸುವ ಕಾಲುವೆ ಆಗಲೇಬೇಕು. ಕೆಲಸ ಶುರು ಮಾಡುವ ಮೊದಲು ಉಳಿದ ಅರ್ಧ ಗೋಡೆಯ ಉದ್ದ, ಎತ್ತರ, ದಪ್ಪ ಅಳೆದು, ಫೋಟೋ ತೆಗೆದು, ಕಂಪನಿಗೆ ಮೇಲ್ ಮಾಡಿ. ಬಿಲ್‌ಗಳನ್ನು ಕೋಣೆಗಳಿಗೆ ಬೇರೆ, ಗೋಡೆಗೆ ಬೇರೆ ಮಾಡಿಸಿ.

ಬ್ಯಾಂಕ್_ಕೌಂಟರ್, ಹಾಸನ

ಮತ್ತೆ ಈ ಹಣ ಬರುವ ಮುಂಚೆ ಒಮ್ಮೆ ಶಾಖೆಗೆ ಹೋಗಿ ನಿಮ್ಮ ಅರ್ಜಿ ಎಲ್ಲಿದೆ ನೋಡಿ ಬನ್ನಿ. ಮ್ಯಾನೇಜರ್ ಬದಲಾಗಿದ್ದರೆ ಹೊಸಬರಿಗೆ ಮತ್ತೊಂದು ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಕಾಫಿತೋಟದಂಚು, ಮಡಿಕೇರಿ

ಸೋಮವಾರ ಹೋಗುತ್ತೇನೆ. ಪಾಲಿಸಿಯಲ್ಲಿ ತಡೆಗೋಡೆಯ ಮೊತ್ತ ಸೇರಿಸಲು ಅರ್ಜಿಯನ್ನೂ ಅವತ್ತೇ ಕೊಡುತ್ತೇನೆ. ಪಕ್ಕದ ಇಬ್ಬರ ಮನೆಯ ಪಾಲಿಸಿಯಲ್ಲೂ ಆ ಜಾಗ ಖಾಲಿ ಇದೆ, ಅವರೂ ಬರುತ್ತಿದ್ದಾರೆ.